ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ ನೋಡಿ ಬಂದೆ, ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಯಲ್ಲಿ ಇಂಥದ್ದೊಂದು ಯಾಕಿಲ್ಲ?

ಬಿಸಿಲೂರಿನವ, ರಾಯಚೂರು:

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಅಮ್ಮನನ್ನೂ ಮಗನನ್ನೂ ಕರೆದುಕೊಂಡು ಕುಪ್ಪಳಿಗೆ ಹೋಗಿ ಬಂದೆ. ರಾತ್ರಿ ಬಸ್ಸಿಗೆ ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿ, ಆಮೇಲೆ ಕೊಪ್ಪದ ದಾರಿಯಲ್ಲಿ ಆಟೊ. ನಮ್ಮೂರ ಬಿಸಿಲು ನೋಡಿದ ಕಣ್ಣಿಗೆ ಆ ಹಸಿರು ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿ. ಮಗ ಮಾತ್ರ ದಾರಿಯುದ್ದಕ್ಕೂ ಮೊಬೈಲ್ ಸಿಗ್ನಲ್ ಹುಡುಕುತ್ತಿದ್ದ.

ಕುವೆಂಪು ಹುಟ್ಟಿದ ಮನೆ ಅಂತ ಹೋಗಿದ್ದು. ಒಳಗೆ ಅವರ ಪುಸ್ತಕ, ಪ್ರಶಸ್ತಿ, ಫೋಟೊ ನೋಡಬೇಕು ಅನ್ನುವುದು ನನ್ನ ಲೆಕ್ಕ. ಅದೆಲ್ಲ ಇದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಅಮ್ಮ ಓದಿದ್ದು ನಾಲ್ಕನೇ ಇಯತ್ತೆ. ಕುವೆಂಪು ಅಂದರೆ ಅವಳಿಗೆ ನಾಡಗೀತೆ ಬರೆದವರು, ಅಷ್ಟೇ. ತೊಟ್ಟಿಯ ಅಂಗಳ ದಾಟಿ ಅಡುಗೆ ಸಾಮಾನು ಇಟ್ಟಿರುವ ಕಡೆ ಬಂದಿದ್ದೇ ತಡ, ಅವಳೇ ನಮಗೆ ಗೈಡ್ ಆದಳು. ಇದು ಮಜ್ಜಿಗೆ ಕಡೆಯೋದು, ಇದರಲ್ಲಿ ಹಿಂಗೆ ಹಗ್ಗ ಹಾಕಿ ಎಳೀಬೇಕು, ಇದು ಅಕ್ಕಿ ಕುಟ್ಟೋದು, ನಮ್ಮಲ್ಲಿ ಜೋಳ ಕುಟ್ಟಿದ ಹಾಗೆ, ಈ ಹಂಡೆ ನೋಡು, ನಮ್ಮ ಸೋದರಮಾವನ ಮನೆಯಲ್ಲೂ ಇಂಥದ್ದೇ ಇತ್ತು, ಯಾವನೋ ಸ್ಟೀಲ್ ಪಾತ್ರೆಗೆ ಬದಲು ಕೊಟ್ಟುಬಿಟ್ಟ. ಹಿಂದೆ ಬರುತ್ತಿದ್ದ ಬೆಂಗಳೂರಿನ ಹುಡುಗಿಯರು ನಾಲ್ಕೈದು ಜನ ಅಮ್ಮನ ಮಾತು ಕೇಳುತ್ತಾ ನಿಂತುಬಿಟ್ಟರು.

ಒಂದು ಕಡೆ ಅವರ ಮದುವೆಯ ಮಂಟಪವನ್ನು ಹಾಗೇ ಇಟ್ಟಿದ್ದಾರೆ. 1937ರಲ್ಲಿ ಹೇಮಾವತಿಯವರ ಜೊತೆ ಮದುವೆ ಆಗಿದ್ದು. ಅಮ್ಮ ಅದರ ಮುಂದೆ ಸುಮ್ನೆ ಸ್ವಲ್ಪ ಹೊತ್ತು ನಿಂತಳು. ಬರುವಾಗ ಬಸ್ಸಿನಲ್ಲಿ ಕೇಳಿದಳು: "ನಮ್ಮ ಕಡೆ ಹಾಡು ಬರೆದವರು ಇಲ್ಲೇನು? ಅವರ ಮನೆ ಎಲ್ಲಿ ಹೋದವು?"

ಉತ್ತರ ಹೊಳೆಯಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಒಬ್ಬ ಬರಹಗಾರ ಹುಟ್ಟಿದ ಮನೆಯನ್ನು ಮನೆಯಾಗಿಯೇ ಉಳಿಸಿಕೊಂಡಿರುವುದನ್ನು ಯಾರಾದರೂ ನೋಡಿದ್ದೀರಾ?

ತುಂಗೆ ಕಡೆಯವಳು, ಗಂಗಾವತಿ:

ನನ್ನ ತವರು ತೀರ್ಥಹಳ್ಳಿ ಹತ್ತಿರ, ಮದುವೆಯಾಗಿ ಗಂಗಾವತಿಗೆ ಬಂದವಳು. ನಿಮ್ಮ ಅಮ್ಮನ ಮಾತು ಓದಿ ಖುಷಿಯಾಯಿತು. ಒಂದು ತಿದ್ದುಪಡಿ, ಬೇಜಾರು ಮಾಡಿಕೊಳ್ಳಬೇಡಿ. ಕುವೆಂಪು ಹುಟ್ಟಿದ್ದು ಕುಪ್ಪಳಿಯಲ್ಲಲ್ಲ. 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅದು ಅವರ ತಾಯಿಯ ತವರು. ಚೊಚ್ಚಲ ಹೆರಿಗೆ ತವರಿನಲ್ಲೇ ಅಲ್ವಾ? ಆಡಿ ಬೆಳೆದಿದ್ದು ಕುಪ್ಪಳಿ. ಹಾಗಾಗಿ ಜನ ಎಲ್ಲರೂ ಹುಟ್ಟಿದ ಮನೆ ಅಂತ ನೋಡಲು ಹೋಗುವುದು ಅಪ್ಪನ ಮನೆಗೆ. ತಾಯಿಯ ಮನೆಗೆ ಯಾರೂ ಹೋಗುವುದಿಲ್ಲ. ಹೆಂಗಸರ ಕಡೆಯಿಂದ ಇದೊಂದು ದೂರು ಅಂತ ಬರೆದುಕೊಳ್ಳಿ.

ಇನ್ನೊಂದು ವಿಷಯ. ಆ ಮನೆ ತಾನಾಗಿಯೇ ಉಳಿದಿದ್ದು ಅಂದುಕೊಳ್ಳಬೇಡಿ. 1992ರಲ್ಲಿ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಶುರುವಾಗಿ, ಆಮೇಲೆ ಮನೆಯನ್ನು ಹಳೇ ರೀತಿಯಲ್ಲೇ ಸರಿಪಡಿಸಿದ್ದು. ಕಾವಲು ಕಾಯುವುದೂ ಸುಲಭ ಇಲ್ಲ. 2015ರ ನವೆಂಬರಿನಲ್ಲಿ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದಿದ್ದರು. ಒನಕೆ, ಒರಳು ಕದಿಯಲು ಯಾರು ಬರುತ್ತಾರೆ ಬಿಡಿ.

ಮನೆ ಹತ್ತಿರದ ಗುಡ್ಡ ಇದೆಯಲ್ಲ, ಕವಿಶೈಲ, ಅದಕ್ಕೆ ಹತ್ತಿದಿರಾ ಇಲ್ವಾ?

ಬಿಸಿಲೂರಿನವ, ರಾಯಚೂರು:

ಹಿರೇಕೊಡಿಗೆ ವಿಷಯ ಗೊತ್ತೇ ಇರಲಿಲ್ಲ. ಅಮ್ಮನಿಗೆ ಹೇಳಿದೆ, "ಮತ್ತೆ, ಮೊದಲೇ ಹೇಳಬಾರದಿತ್ತೇನು, ಅಲ್ಲಿಗೂ ಹೋಗಬಹುದಿತ್ತು" ಅಂತ ನನಗೇ ಬೈದಳು.

ಕವಿಶೈಲ ಹತ್ತಿದೆವು. ಬಂಡೆಯ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಅವರ ಸಹಿ ಕೆತ್ತಿರುವುದನ್ನು ಮಗ ನೋಡಿ, "ಅಪ್ಪ, ನಮ್ಮ ಮಾನ್ವಿ ಗುಡ್ಡದಲ್ಲಿ ಹೆಸರು ಕೆತ್ತಿದರೆ ಬೈತೀಯ, ಇವರು ಕೆತ್ತಿದರೆ ನಮಸ್ಕಾರ ಮಾಡ್ತೀಯ" ಅಂದ. ಏನು ಹೇಳಲಿ.

ಗವಿಮಠದ ಹಿಂದಿನ ಓಣಿ, ಕೊಪ್ಪಳ:

ನಾನು ನಾಲ್ಕು ವರ್ಷದ ಹಿಂದೆ ಹೋಗಿದ್ದೆ. ಕುವೆಂಪು ಅವರನ್ನು ಮಣ್ಣು ಮಾಡಿದ ಜಾಗದ ಸುತ್ತ ದೊಡ್ಡ ದೊಡ್ಡ ಕಲ್ಲು ನಿಲ್ಲಿಸಿ, ಮೇಲೆ ಅಡ್ಡ ಕಲ್ಲು ಇಟ್ಟಿದ್ದಾರಲ್ಲ, ಅದನ್ನು ನೋಡಿದಾಗ ಎಲ್ಲರೂ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಥರ ಇದೆ ಅಂತಿದ್ದರು. ನನಗೆ ನೆನಪಾಗಿದ್ದು ನಮ್ಮ ಹಿರೇಬೆಣಕಲ್. ಗಂಗಾವತಿ ಹತ್ತಿರ ಗುಡ್ಡದ ಮೇಲೆ ನೂರಾರು ಕಲ್ಲಿನ ಮನೆಗಳಿವೆ, ಎರಡು ಸಾವಿರ ವರ್ಷಕ್ಕೂ ಹಳೆಯವು. ಜನ ಅದನ್ನು ಮೋರೇರ ಗುಡ್ಡ ಅಂತಾರೆ, ಕುಳ್ಳ ಮೋರೇರು ಇದ್ದ ಮನೆಗಳಂತೆ. ನಿಜವಾಗಿ ಸತ್ತವರ ನೆನಪಿಗೆ ಕಟ್ಟಿದ್ದು. ಅಂದರೆ ನಮ್ಮ ಸೀಮೆಯಲ್ಲಿ ಯಾರದೋ ನೆನಪು ಉಳಿಸಬೇಕು ಅನ್ನುವ ಬುದ್ಧಿ ಇವತ್ತಿನದಲ್ಲ. ಯಾರದ್ದು ಅಂತ ಹೆಸರು ಬರೆದಿಡುವುದನ್ನು ಮರೆತರು, ಅಷ್ಟೇ.

ತುಂಗೆ ಕಡೆಯವಳು, ಗಂಗಾವತಿ:

ಒಂದು ಸಣ್ಣ ತಿದ್ದುಪಡಿ ಮತ್ತೆ, ಮಣ್ಣು ಮಾಡಿದ್ದಲ್ಲ, ಸುಟ್ಟಿದ್ದು. 1994ರಲ್ಲಿ ಮೈಸೂರಿನಿಂದ ಕುಪ್ಪಳಿಗೆ ತಂದು ಅಲ್ಲೇ ಅಂತ್ಯಕ್ರಿಯೆ ಮಾಡಿದರು. ಈ ಚರ್ಚೆಯಲ್ಲಿ ನಾನು ತಿದ್ದುಪಡಿ ಇಲಾಖೆ ಆಗಿಬಿಟ್ಟೆ.

ಮಾನ್ವಿ ಹುಡುಗ:

ಮೂಲ ಪ್ರಶ್ನೆಗೆ ಬರೋಣ. ಯಾಕೆ ಇಲ್ಲ ಅಂತೀರಿ? ಮಾನ್ವಿಯಲ್ಲಿ ಜಗನ್ನಾಥದಾಸರಿದ್ದ ಮನೆ ಇದೆಯಲ್ಲ. ಹರಿಕಥಾಮೃತಸಾರ ಬರೆದವರು. ಅವರು ಹುಟ್ಟಿದ್ದು ನಮ್ಮ ತಾಲ್ಲೂಕಿನ ಬ್ಯಾಗವಾಟದಲ್ಲಿ, 1728ರಲ್ಲಿ. ತೀರಿಹೋಗಿದ್ದು 1809. ಮಾನ್ವಿಯ ಜಾಗ ಈಗ ಗುಡಿ. ದಾಸರು ಆ ಮನೆಯ ಕಂಬದಲ್ಲಿ ಇದ್ದಾರೆ ಅಂತ ನಂಬಿಕೆ, ಕಂಬಕ್ಕೇ ಪೂಜೆ. ನಮ್ಮ ಅಜ್ಜಿ ಪ್ರತಿ ಗುರುವಾರ ಕರೆದುಕೊಂಡು ಹೋಗುತ್ತಿದ್ದಳು. ನಮಗೆ ಆಗ ಅದು ಒಬ್ಬ ಕವಿಯ ಮನೆ ಅಂತ ಹೊಳೆದೇ ಇರಲಿಲ್ಲ. ಪ್ರಸಾದ ಸಿಗುವ ಜಾಗ, ಅಷ್ಟೇ.

ಅವರ ಗುರು ಗೋಪಾಲದಾಸರು ಮೊಸರಕಲ್ಲಿನವರು, ದೇವದುರ್ಗ ಕಡೆ. ಗೋಪಾಲದಾಸರ ಗುರು ವಿಜಯದಾಸರು ಚೀಕಲಪರವಿಯವರು, ಅದೂ ಮಾನ್ವಿ ಸೀಮೆ, ತುಂಗಭದ್ರೆ ದಂಡೆ. ಮೂರು ತಲೆಮಾರು ಒಬ್ಬರ ಹಿಂದೆ ಒಬ್ಬರು, ಎಲ್ಲ ಒಂದು ದಿನದ ಬೈಕ್ ದಾರಿಯೊಳಗೆ. ಇಡೀ ಕರ್ನಾಟಕದಲ್ಲಿ ಇಷ್ಟು ಹತ್ತಿರ ಹತ್ತಿರ ಇಷ್ಟು ಹಾಡು ಬರೆದವರು ಇನ್ನೆಲ್ಲಿದ್ದಾರೆ ತೋರಿಸಿ.

ನಿವೃತ್ತ ಮೇಷ್ಟ್ರು, ಲಿಂಗಸುಗೂರು:

ಮಾನ್ವಿ ಹುಡುಗ ಹೇಳಿದ ಕಂಬದ ಮಾತು ಓದಿ ನನಗೆ ಒಂದು ಹೊಳೆಯಿತು. ಗದಗಿನ ವೀರನಾರಾಯಣ ಗುಡಿಗೆ ಹೋಗಿ ನೋಡಿ, ಅಲ್ಲಿ ಕುಮಾರವ್ಯಾಸನ ಕಂಬ ಅಂತ ತೋರಿಸುತ್ತಾರೆ. ಅವನು ಮಿಂದು, ಒದ್ದೆ ಬಟ್ಟೆಯಲ್ಲಿ ಆ ಕಂಬಕ್ಕೆ ಒರಗಿ ಕೂತು ಭಾರತ ಹೇಳುತ್ತಿದ್ದನಂತೆ, ಬಟ್ಟೆ ಒಣಗಿದ ಕೂಡಲೇ ಪದ್ಯ ನಿಲ್ಲುತ್ತಿತ್ತಂತೆ. ನಮ್ಮ ಕಡೆಯ ಬಿಸಿಲಿನಲ್ಲಿ ಆಗಿದ್ದರೆ ಹತ್ತು ಪದ್ಯಕ್ಕೆ ಮುಗಿಯುತ್ತಿತ್ತು ಅಂತ ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಿದ್ದರು. ಹಂಪಿಯಲ್ಲಿ ಪುರಂದರದಾಸರ ಮಂಟಪ, ಅದೂ ಬರೀ ಕಂಬಗಳೇ. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಅದೂ ಮುಳುಗುತ್ತದೆ, ನೀರು ಇಳಿದ ಮೇಲೆ ಮತ್ತೆ ಅಲ್ಲೇ ನಿಂತಿರುತ್ತದೆ.

ಮೂರು ಕಡೆಯೂ ಕಂಬ ಉಳಿದಿದೆ. ಮನೆ ಉಳಿದಿಲ್ಲ, ಅಡುಗೆಮನೆ ಉಳಿದಿಲ್ಲ, ಆ ಮನೆಯ ಹೆಂಗಸರು ಏನು ಕುಟ್ಟುತ್ತಿದ್ದರು, ಏನು ಬೀಸುತ್ತಿದ್ದರು ಅನ್ನುವುದು ಉಳಿದಿಲ್ಲ. ಬಿಸಿಲೂರಿನವರ ತಾಯಿ ಕುಪ್ಪಳಿಯಲ್ಲಿ ಕಂಡದ್ದು ಅದೇ. ನಾವು ಕವಿಯನ್ನು ದೇವರು ಮಾಡಿದೆವು, ದೇವರಿಗೆ ಬಚ್ಚಲ ಹಂಡೆ ಯಾಕೆ ಅಂತ ಬಿಟ್ಟೆವು.

ಇನ್ನೊಂದು, ಸುಮ್ಮನೆ ಗಮನಕ್ಕೆ: ಗದಗಿನ ಕಂಬದ ಕವಿಯೂ ಮಾನ್ವಿಯ ಕಂಬದ ಕವಿಯೂ ಬರೆದಿದ್ದು ಒಂದೇ ಭಾಮಿನಿ ಷಟ್ಪದಿಯಲ್ಲಿ.

ಕೋಟೆ ಕೆಳಗಿನವಳು, ಬಳ್ಳಾರಿ:

ಎಲ್ಲರೂ ಸೆಂಟಿಮೆಂಟ್ ಆಗ್ತಿದ್ದೀರಿ, ನಾನೊಬ್ಬಳು ತಕರಾರು ತೆಗೆಯುತ್ತೇನೆ. ಬರಹಗಾರ ಇರುವುದು ಪುಸ್ತಕದಲ್ಲಿ. ಮನೆ ಉಳಿಸಿ ಏನು ಮಾಡುತ್ತೀರಿ? ಒಂದು ಮುರುಕಲು ಕುರ್ಚಿ, ಒಂದು ಕನ್ನಡಕ, ಒಂದು ಶಾಲು, ಗಾಜಿನ ಪೆಟ್ಟಿಗೆ, ಮುಗಿಯಿತು. ಅದೇ ದುಡ್ಡಿಗೆ ನಾಲ್ಕು ಹಳ್ಳಿ ಲೈಬ್ರರಿಗೆ ಪುಸ್ತಕ ತರಬಹುದು. ಹುಟ್ಟಿದ ಜಾಗಕ್ಕೇ ಯಾಕೆ ಇಷ್ಟು ಬೆಲೆ ಅನ್ನುವುದೂ ನನಗೆ ತಿಳಿಯುವುದಿಲ್ಲ. ಆರ್.ಕೆ. ನಾರಾಯಣ್ ಹುಟ್ಟಿದ್ದು ಮದ್ರಾಸಿನಲ್ಲಿ. ಅವರ ಮ್ಯೂಸಿಯಂ ಇರುವುದು ಮೈಸೂರಿನ ಯಾದವಗಿರಿಯಲ್ಲಿ, ಅವರೇ ಕಟ್ಟಿಸಿ ಇದ್ದ ಮನೆಯಲ್ಲಿ. ಅದನ್ನೂ 2011ರಲ್ಲಿ ಒಡೆಯಲು ಶುರು ಮಾಡಿದ್ದರು, ಜನ ಗಲಾಟೆ ಮಾಡಿದ ಮೇಲೆ ನಿಂತು, 2016ರಲ್ಲಿ ಮ್ಯೂಸಿಯಂ ಆಗಿದ್ದು. ಬೇಂದ್ರೆಯವರನ್ನು ನೋಡಲು ಜನ ಹೋಗುವುದು ಸಾಧನಕೇರಿಗೆ. ಬರೆದ ಜಾಗ ಮುಖ್ಯ. ಹುಟ್ಟುವಾಗ ಯಾರೂ ಬರಹಗಾರರಾಗಿರುವುದಿಲ್ಲ.

ನಗೆಬರಹದ ಬೀಚಿಯವರ ವಿಷಯ ನೋಡಿ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದರು. ಆ ಊರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರ ಜಿಲ್ಲೆ. ಮ್ಯೂಸಿಯಂ ಕಟ್ಟಿದ್ದರೆ ಬೋರ್ಡ್ ಬರೆಸುವುದರಲ್ಲೇ ಅನುದಾನ ಖಾಲಿ ಆಗುತ್ತಿತ್ತು. ಅವರ ಪುಸ್ತಕದ ತಿಂಮನಿಗೆ ಮಾತ್ರ ಯಾವ ಜಿಲ್ಲೆಯೂ ಬೇಕಿಲ್ಲ.

ಮಾನ್ವಿ ಹುಡುಗ:

ಹ್ಹಹ್ಹ, ಬೋರ್ಡ್ ಮಾತು ಸೂಪರ್ ಅಕ್ಕಾ. ಆದರೆ ಲೈಬ್ರರಿ ವರ್ಸಸ್ ಮನೆ ಅನ್ನುವುದು ಒಪ್ಪಲಾರೆ. ಬಿಸಿಲೂರಿನ ಅಣ್ಣನ ಅಮ್ಮ ಲೈಬ್ರರಿಗೆ ಹೋಗುತ್ತಿದ್ದರಾ?

ಮಣ್ಣಿನ ಕೆಲಸದವ, ಕುಷ್ಟಗಿ:

ನಾನು ಸಾಹಿತ್ಯ ಓದಿದವನಲ್ಲ, ಮನೆ ಕಟ್ಟುವವನು. ಅಪ್ಪ, ಅಜ್ಜ ಎಲ್ಲ ಅದೇ ಕೆಲಸ. ಅಲ್ಲಿ ಮನೆ ಉಳಿದು ಇಲ್ಲಿ ಯಾಕೆ ಉಳಿಯಲಿಲ್ಲ ಅಂತ ಕೇಳಿದಿರಲ್ಲ, ಅದಕ್ಕೆ ಭಕ್ತಿ, ಅಭಿಮಾನ, ಸರ್ಕಾರ ಅಂತ ಬಹಳ ದೂರ ಹೋಗಬೇಕಿಲ್ಲ. ಮಾಳಿಗೆ ಮೇಲೆ ಹತ್ತಿ ನೋಡಿದರೆ ಸಾಕು.

ಮಲೆನಾಡಿನಲ್ಲಿ ಮೂರು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಅಂತಾರೆ, ನಮ್ಮಲ್ಲಿ ಆರುನೂರು ಬಿದ್ದರೆ ಒಳ್ಳೇ ವರ್ಷ. ಆದರೂ ಅಲ್ಲಿನ ಮನೆ ನಿಂತಿದೆ, ನಮ್ಮದು ಬಿತ್ತು. ಅಲ್ಲಿ ಇಳಿಜಾರು ಮಾಡು, ಹೆಂಚು, ದೊಡ್ಡ ಮರದ ಕಂಬ. ನೀರು ನಿಲ್ಲುವುದೇ ಇಲ್ಲ. ನಮ್ಮ ಹಳೇ ಮನೆ ಅಂದರೆ ಮಣ್ಣಿನ ಗೋಡೆ, ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಸೊಪ್ಪು ಕಟ್ಟಿಗೆ ಹರವಿ ಮಣ್ಣು. ಚಪ್ಪಟೆ ಮಾಳಿಗೆ. ಬಿಸಿಲಿಗೆ ಅದರಷ್ಟು ತಂಪು ಇನ್ನೊಂದಿಲ್ಲ, ಹೊರಗೆ 42 ಡಿಗ್ರಿ ಇದ್ದರೂ ಒಳಗೆ ಹಾಯಾಗಿ ಮಲಗಬಹುದು. ಆದರೆ ಅದು ದನ ಇದ್ದಂತೆ, ದಿನಾ ನೋಡಿಕೊಳ್ಳಬೇಕು. ಪ್ರತಿ ವರ್ಷ ಮಿರಗ, ಅಂದರೆ ಮೃಗಶಿರಾ ಮಳೆ, ಹೂಡುವ ಮುಂಚೆ ಸವಳು ಮಣ್ಣು ತಂದು ಮಾಳಿಗೆಗೆ ಹಾಕಬೇಕು. ಸವಳು ಮಣ್ಣೇ ಯಾಕೆ ಅಂದರೆ ಅದರಲ್ಲಿ ಉಪ್ಪಿನ ಅಂಶ ಇರುತ್ತದೆ, ಹುಲ್ಲು ಹುಟ್ಟುವುದಿಲ್ಲ. ಹುಲ್ಲು ಹುಟ್ಟಿದರೆ ಬೇರು ಇಳಿಯುತ್ತದೆ, ಬೇರಿನ ಜೊತೆ ನೀರು ಇಳಿಯುತ್ತದೆ, ನೀರಿನ ಹಿಂದೆ ಗೆದ್ದಲು ಬರುತ್ತದೆ. ಮೊದಲ ಮಳೆ ಬಿದ್ದ ಮೇಲೆ ಬಿರುಕು ಎಲ್ಲಿದೆ ನೋಡಿ ತುಳಿದು ಮುಚ್ಚಬೇಕು. ರಾತ್ರಿ ಸೋರಿದರೆ ಕಂಬಳಿ ಹೊದ್ದು ಹತ್ತಬೇಕು. ನನ್ನ ಅಜ್ಜಿ ಮಳೆ ಸದ್ದು ಕೇಳಿಯೇ ಯಾವ ಮೂಲೆ ಸೋರುತ್ತದೆ ಅಂತ ಹೇಳುತ್ತಿದ್ದಳು.

ಅಂದರೆ ಆ ಮನೆಯಲ್ಲಿ ಜನ ಇರಬೇಕು. ಒಲೆ ಹೊತ್ತಬೇಕು, ಹೊಗೆ ಜಂತಿಗೆ ತಾಗಬೇಕು, ಆಗ ಹುಳ ಹಿಡಿಯುವುದಿಲ್ಲ. ಬೀಗ ಹಾಕಿ ಬೆಂಗಳೂರಿಗೆ ಹೋದರೆ ಮೂರು ಮಳೆಗಾಲ ಜಾಸ್ತಿ ಆಯಿತು. ನಮ್ಮ ಸ್ವಂತ ಮನೆಯೇ ಹಾಗೆ ಹೋಯಿತು. ನಾನು ದುಡಿಯಲು ಪುಣೆಗೆ ಹೋಗಿದ್ದೆ, ಎರಡನೇ ವರ್ಷ ಪಡಸಾಲೆ ಬಿತ್ತು, ಮೂರನೇ ವರ್ಷ ದೇವರ ಕೋಣೆ. ಊರಿನ ಮನೆ ಎಲ್ಲಾ ಕಟ್ಟುವ ನನ್ನ ಕೈಯಲ್ಲಿ ನನ್ನದೇ ನಿಲ್ಲಲಿಲ್ಲ. ಉಳಿದಿದ್ದು ಏನು ಗೊತ್ತಾ? ಮೇಷ್ಟ್ರು ಹೇಳಿದರಲ್ಲ, ಕಂಬ. ಎರಡು ಬೇವಿನ ಕಂಬ. ಈಗ ದನದ ಕೊಟ್ಟಿಗೆಯಲ್ಲಿವೆ.

ನಮ್ಮ ಕಡೆ ಕವಿಮನೆ ಬೇಕು ಅಂದರೆ ಮೊದಲು ಮಾಳಿಗೆಗೆ ಮಣ್ಣು ಹಾಕುವವರಿಗೆ ಸಂಬಳ ಗೊತ್ತು ಮಾಡಿ. ಸಿಮೆಂಟ್ ಸುರಿದು ಪಾರಂಪರಿಕ ಮನೆ ಅಂತ ಬೋರ್ಡ್ ಹಾಕಬೇಡಿ, ಕೈ ಮುಗಿಯುತ್ತೇನೆ. ಮಣ್ಣಿನ ಗೋಡೆಗೆ ಸಿಮೆಂಟ್ ಹಚ್ಚಿದರೆ ಒಳಗಿನ ತೇವ ಹೊರಗೆ ಬರುವುದಿಲ್ಲ, ಗೋಡೆ ಒಳಗಿಂದಲೇ ಕೊಳೆಯುತ್ತದೆ.

ಕೋಟೆ ಕೆಳಗಿನವಳು, ಬಳ್ಳಾರಿ:

ನನ್ನ ತಕರಾರು ಅರ್ಧ ವಾಪಸ್. ಗಾಜಿನ ಪೆಟ್ಟಿಗೆಯ ಬಗ್ಗೆ ಹೇಳಿದ್ದು ವಾಪಸ್ ಇಲ್ಲ. ಆದರೆ ಇವರು ಹೇಳಿದ ಮನೆಯನ್ನು ನಾನು ದುಡ್ಡು ಕೊಟ್ಟು ನೋಡುತ್ತೇನೆ, ಅದರಲ್ಲಿ ಯಾವ ಕವಿಯೂ ಹುಟ್ಟದೇ ಇದ್ದರೂ ಸರಿ.

ಗವಿಮಠದ ಹಿಂದಿನ ಓಣಿ, ಕೊಪ್ಪಳ:

ದಾಸರನ್ನು ಬಿಟ್ಟು ಹೊಸಬರ ಕಡೆ ಬರೋಣ. ಸಿದ್ದಯ್ಯ ಪುರಾಣಿಕರು ನಮ್ಮ ಯಲಬುರ್ಗಾ ಸೀಮೆಯ ದ್ಯಾಂಪುರದವರು, ಹುಟ್ಟಿದ್ದು 1918. ಮೊದಲು ಮಾನವನಾಗು ಅನ್ನುವ ಅವರ ಸಾಲು ಎಷ್ಟು ಶಾಲೆಯ ಗೋಡೆ ಮೇಲಿದೆಯೋ ಲೆಕ್ಕ ಇಲ್ಲ. ಬರೆದವರು ಕೊಪ್ಪಳ ಜಿಲ್ಲೆಯವರು ಅಂತ ಆ ಶಾಲೆಯ ಮಕ್ಕಳನ್ನು ಕೇಳಿ ನೋಡಿ. ರಾಯಚೂರಿಗೆ ಬಂದರೆ ಹೆಂಬೆರಾಳಿನ ಶಾಂತರಸರು, ಕನ್ನಡದಲ್ಲಿ ಗಜಲ್ ಬರೆದವರು, 2006ರ ಬೀದರ್ ಸಮ್ಮೇಳನದ ಅಧ್ಯಕ್ಷರು. ಇಬ್ಬರೂ ನಿಜಾಮರ ಕಾಲದಲ್ಲಿ ಬೆಳೆದವರು. ಆಗ ಶಾಲೆ, ಕಚೇರಿ, ಕೋರ್ಟು ಎಲ್ಲ ಉರ್ದು. ಬಳ್ಳಾರಿ ಮದ್ರಾಸಿನ ಕೈಯಲ್ಲಿ, ನಾವು ಹೈದರಾಬಾದಿನ ಕೈಯಲ್ಲಿ. 1956ರವರೆಗೆ ನಾವು ಒಂದು ರಾಜ್ಯವೇ ಅಲ್ಲ. ಮನೆ ಉಳಿಸುವುದು ಆಮೇಲಿನ ಮಾತು, ಆಗ ಭಾಷೆ ಉಳಿಸಿಕೊಂಡಿದ್ದೇ ದೊಡ್ಡದು.

ತಮಾಷೆ ಏನೆಂದರೆ, ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡ, ಅಂದರೆ ಅಚ್ಚ ಕನ್ನಡ, ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರು ಬರುತ್ತವೆ. ಕಿಸುವೊಳಲು, ಪುಲಿಗೆರೆ, ಒಂಕುಂದ, ಮತ್ತೆ ನಮ್ಮ ಕೊಪಣ ನಗರ, ಅಂದರೆ ಈಗಿನ ಕೊಪ್ಪಳ. ಆ ಕೊಪಣದವರು ಬಸ್ ಸ್ಟ್ಯಾಂಡಿನಲ್ಲಿ ಹೊರಗಿನವರ ಮುಂದೆ ನಮ್ಮ ಭಾಷೆ ಸರಿ ಇಲ್ಲ ರೀ ಅಂತ ಸಂಕೋಚ ಪಡುತ್ತೇವೆ.

ಬಿಸಿಲೂರಿನವ, ರಾಯಚೂರು:

ಎರಡು ದಿನ ಕೆಲಸದಲ್ಲಿದ್ದೆ, ಈಗ ಎಲ್ಲ ಓದಿದೆ. ಒಂದು ವಿಷಯ ಹೇಳಲೋ ಬೇಡವೋ ಅಂತಿದ್ದೆ, ಹೇಳಿಬಿಡುತ್ತೇನೆ. ನಾನು ಮಾನ್ವಿಗೆ ಎಷ್ಟೋ ಸಲ ಹೋಗಿದ್ದೇನೆ, ದಾಸರ ಕಂಬ ನೋಡಿಲ್ಲ. ಯಾರೂ ಬೇಡ ಅಂದಿಲ್ಲ. ನಮ್ಮದು ಬೇರೆ ಮನೆತನ, ಗುಡಿ ಅಂದಾಗ ಹೊಸ್ತಿಲ ಮುಂದೆ ಕಾಲು ಒಂದು ಸಲ ತಡೆಯುತ್ತದೆ. ಎಲ್ಲಿ ನಿಲ್ಲಬೇಕು, ಅಂಗಿ ತೆಗೆಯಬೇಕಾ, ಏನಾದರೂ ಕೇಳಿದರೆ ಏನು ಹೇಳುವುದು. ಕುಪ್ಪಳಿಯಲ್ಲಿ ಟಿಕೆಟ್ ತೆಗೆದುಕೊಂಡೆ, ಒಳಗೆ ಹೋದೆ. ಟಿಕೆಟ್ ಯಾರ ಮನೆತನವನ್ನೂ ಕೇಳುವುದಿಲ್ಲ. ಅಮ್ಮ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದಕ್ಕೇ ಇರಬಹುದು. ಗುಡಿಯಲ್ಲಾಗಿದ್ದರೆ ಸೆರಗು ಹೊದ್ದು ಮೂಲೆಯಲ್ಲಿ ನಿಲ್ಲುತ್ತಿದ್ದಳು.

ನಿವೃತ್ತ ಮೇಷ್ಟ್ರು, ಲಿಂಗಸುಗೂರು:

ಒಳ್ಳೇ ಮಾತು, ಹೇಳಿದ್ದು ಒಳ್ಳೆಯದಾಯಿತು. ಆದರೂ ಇನ್ನೊಂದು ಕಡೆಯೂ ಇದೆ. ಆ ಕಂಬಕ್ಕೆ ಪೂಜೆ ಇಲ್ಲದಿದ್ದರೆ ಇನ್ನೂರು ವರ್ಷ ಅದನ್ನು ಯಾರು ಕಾಯುತ್ತಿದ್ದರು? ದಿನಾ ದೀಪ ಹಚ್ಚುವವರು ಒಬ್ಬರಿದ್ದರು, ಅದಕ್ಕೇ ಉಳಿಯಿತು. ಕುಷ್ಟಗಿಯವರ ಒಲೆಯ ಹೊಗೆಯ ಲೆಕ್ಕವೇ ಇದು. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಸಾಹಿತ್ಯ ಭವನ ಅಂತ ಕಟ್ಟಿದರು, ಉದ್ಘಾಟನೆಯ ದಿನ ಹಾಕಿದ ಹೂವಿನ ಹಾರ ಒಣಗಿ ಪುಡಿಯಾಗುವವರೆಗೂ ಯಾರೂ ಬೀಗ ತೆಗೆಯಲಿಲ್ಲ. ಊರಿನ ಹೆಸರು ಬೇಡ.

ತುಂಗೆ ಕಡೆಯವಳು, ಗಂಗಾವತಿ:

ನನಗೆ ಒಂದು ಅನಿಸುತ್ತದೆ. ತೀರ್ಥಹಳ್ಳಿಯಲ್ಲಿ ತುಂಗೆ, ಕೂಡಲಿಯಲ್ಲಿ ಭದ್ರೆ ಸೇರಿ ಇಲ್ಲಿಗೆ ಬರುತ್ತದೆ. ಚೀಕಲಪರವಿ, ಹಂಪಿ, ಎಲ್ಲ ಅದೇ ನೀರು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಮನೆ ನೆನಪಾದಾಗ ಕಾಲುವೆ ಹತ್ತಿರ ಹೋಗಿ ಕೂರುತ್ತಿದ್ದೆ, ನಮ್ಮೂರಿಂದ ಬಂದ ನೀರು ಅಂತ. ನಮ್ಮತ್ತೆ ನೋಡಿ ನಕ್ಕಿದ್ದರು. ಮ್ಯೂಸಿಯಂ ಆಗುವುದು ಯಾವಾಗಲೋ, ಅಷ್ಟರೊಳಗೆ ಒಂದು ದಿನ ನಾವೇ ಹೋಗಿ ನೋಡಬಹುದಲ್ವಾ? ಮಾನ್ವಿ, ಬ್ಯಾಗವಾಟ, ಚೀಕಲಪರವಿ.

ಮಾನ್ವಿ ಹುಡುಗ:

ನಾನು ಕರೆದುಕೊಂಡು ಹೋಗುತ್ತೇನೆ. ಬಿಸಿಲೂರಿನ ಅಣ್ಣಾ, ನೀವು ನನ್ನ ಜೊತೆ ಬನ್ನಿ, ಎಲ್ಲಿ ನಿಲ್ಲಬೇಕು ಅಂತ ಚಿಂತೆ ಬೇಡ, ನಾನೂ ಅಲ್ಲಿ ಪ್ರಸಾದದ ಸಾಲಿನಲ್ಲೇ ನಿಂತು ಬೆಳೆದವನು. ಅಮ್ಮನನ್ನು ಕರೆತನ್ನಿ. ನಮ್ಮ ಅಜ್ಜಿಗೆ ಈಗ ಎಂಬತ್ತಾರು, ಹರಿಕಥಾಮೃತಸಾರದ ಸಂಧಿಗಳು ಬಾಯಿಗೆ ಬರುತ್ತವೆ, ಹೇಳಿದರೆ ನಿಲ್ಲಿಸುವುದಿಲ್ಲ. ನಿಮ್ಮ ಅಮ್ಮನಿಗೂ ಅವಳಿಗೂ ಜೋಡಿ ಸರಿಯಾಗುತ್ತದೆ.

ಮಣ್ಣಿನ ಕೆಲಸದವ, ಕುಷ್ಟಗಿ:

ನಾನೂ ಬರುತ್ತೇನೆ. ಆ ಊರುಗಳಲ್ಲಿ ಹಳೇ ಮಾಳಿಗೆ ಮನೆ ಎಷ್ಟು ಉಳಿದಿವೆ ನೋಡಬೇಕು.

ಬಿಸಿಲೂರಿನವ, ರಾಯಚೂರು:

ಅಮ್ಮನನ್ನು ಕೇಳಿದೆ. "ಅಜ್ಜಿಗೆ ಏನು ಒಯ್ಯೋಣ, ಶೇಂಗಾ ಹೋಳಿಗೆ ಮಾಡಲೇನು" ಅಂತ ಆಗಲೇ ಶುರು ಮಾಡಿದ್ದಾಳೆ. ಹಾಗಾದರೆ ಮುಂದಿನ ಭಾನುವಾರ, ಬೆಳಿಗ್ಗೆ 8ಕ್ಕೆ, ಮಾನ್ವಿ ಬಸ್ ಸ್ಟ್ಯಾಂಡ್. ನೀರಿನ ಬಾಟಲಿ, ಟೊಪ್ಪಿಗೆ ಮರೆಯಬೇಡಿ. ಬಳ್ಳಾರಿ ಅಕ್ಕ, ನೀವೂ ಬನ್ನಿ, ದಾರಿಯಲ್ಲಿ ತಕರಾರು ತೆಗೆಯಲು ಒಬ್ಬರು ಬೇಕು.

ಕೋಟೆ ಕೆಳಗಿನವಳು, ಬಳ್ಳಾರಿ:

ಬರುತ್ತೇನೆ. ಹೋಳಿಗೆ ಎಣಿಸಿ ತರಲು ಹೇಳಿ, ನನಗೆ ಎರಡು.